ಮೆಸ್ಕಾಂ ಆಫೀಸಿಗೆ ಯಾವ ಟ್ಯಾಗ್?

ನಕ್ಷೆಮರ್ಲ: ನಾವೆಲ್ಲ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ, ನಮ್ಮ ಕಡೆ ಕರೆಂಟ್ ಕೊಡುವ ಮೆಸ್ಕಾಂನ ಆಫೀಸುಗಳಿಗೆ ‘ಆಫೀಸ್=ಗವರ್ನ್‌ಮೆಂಟ್’ ಅಂತ ಟ್ಯಾಗ್, ಅಂದರೆ ಸರ್ಕಾರಿ ಕಚೇರಿಯ ಗುರುತು, ಹಾಕುವುದು ಬಿಡಿ ಮಾರಾಯ್ರೆ. ಅದು ಕಂಪನಿ. ಕರೆಂಟ್ ಕೊಡುವವರಿಗೆ ‘ಎನರ್ಜಿ_ಸಪ್ಲೈಯರ್’ ಅಂತ ಬೇರೆ ಟ್ಯಾಗೇ ಉಂಟು.

ಮಲ್ಪೆಮೀನು: ಕಂಪನಿಯಂತೆ! ಷೇರು ಸರ್ಕಾರದ್ದು, ದರ ಏರಿಸಬೇಕಾದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿ ಒಪ್ಪಬೇಕು. ಮ್ಯಾಪಿನ ವಿಕಿಯಲ್ಲಿ ಆ ಸರ್ಕಾರಿ ಟ್ಯಾಗಿನ ವಿವರಣೆಯಲ್ಲಿ ‘ಏಜೆನ್ಸಿ’ ಅಂತಲೂ ಉಂಟು, ಸ್ವಲ್ಪ ಓದಿ.

ನಕ್ಷೆಮರ್ಲ: ಷೇರು ಅಂತ ನೀವೇ ಹೇಳಿದಿರಿ. ತಾಲೂಕು ಆಫೀಸಿಗೆ ಷೇರು ಉಂಟಾ?

ಪಡುಬಿದ್ರೆಪೋರ: ನಿಮ್ಮ ಷೇರು ಆಮೇಲೆ. ಹೋದ ತಿಂಗಳು ಜೋರು ಮಳೆಯಲ್ಲಿ ಬಿಲ್ ಕಟ್ಟಲು ಹೊರಟೆ, ಮ್ಯಾಪ್ ನೋಡಿಕೊಂಡು ಹೋದರೆ ಸಿಕ್ಕಿದ್ದು ಸಬ್‌ಸ್ಟೇಷನ್ ಗೇಟು. ಒಳಗೆ ಟ್ರಾನ್ಸ್‌ಫಾರ್ಮರ್ ಗುಂಯ್ ಅಂತ ಉಂಟು, ಹೊರಗೆ ನಾನು, ಕೈಯಲ್ಲಿ ಬಿಲ್ಲಿನ ಆರ್‌ಆರ್ ನಂಬರ್ ಬರೆದ ಒದ್ದೆ ಚೀಟಿ. ಅದಕ್ಕೆ ‘ಪವರ್=ಸಬ್‌ಸ್ಟೇಷನ್’ ಮಾತ್ರ ಸಾಕು, ಆಫೀಸು ಅಂತ ಹಾಕಬೇಡಿ.

ಕಾವೂರುಕಾಕ: ಬಿಲ್ ಕಟ್ಟುವವರು ಹುಡುಕುವುದು ‘ಕೆಇಬಿ’ ಅಂತ, ಹಳೆಯ ವಿದ್ಯುಚ್ಛಕ್ತಿ ಮಂಡಳಿಯ ಹೆಸರಲ್ಲಿ. ಮೊದಲು ‘ಓಲ್ಡ್_ನೇಮ್’ನಲ್ಲಿ ಅದನ್ನು ಹಾಕಿ.

ನಕ್ಷೆಮರ್ಲ: ಓಲ್ಡ್_ನೇಮಾ? ಕೆಇಬಿ 1999ರಲ್ಲೇ ಹೋಗಿ ಕೆಪಿಟಿಸಿಎಲ್ ಅನ್ನುವ ಕಂಪನಿ ಆಯ್ತು. ಮೆಸ್ಕಾಂ ಶುರುವಾದದ್ದೇ 2002ರಲ್ಲಿ. ಈ ಕಂಪನಿಗೆ ಯಾವತ್ತೂ ಇಲ್ಲದ ಹೆಸರು ಹಳೆ ಹೆಸರು ಹೇಗಾಗುತ್ತದೆ?

ಕಾವೂರುಕಾಕ: ಕಂಪನಿಗಲ್ಲ, ಜಾಗಕ್ಕೆ. ನಮ್ಮಲ್ಲಿಯ ಸೆಕ್ಷನ್ ಆಫೀಸಿನ ಗೋಡೆಯಲ್ಲಿ ನೀಲಿ ಪೇಂಟ್ ಎದ್ದು ಹೋದ ಕಡೆ ಈಗಲೂ ‘ವಿದ್ಯುಚ್ಛಕ್ತಿ ಮಂಡಳಿ’ ಅಂತ ಅರ್ಧಂಬರ್ಧ ಓದಬಹುದು. ಕರೆಂಟ್ ಹೋದರೆ ಅಮ್ಮ ಈಗಲೂ ಹೇಳುವುದು ‘ಕೆಇಬಿಗೆ ಫೋನ್ ಮಾಡು’ ಅಂತಲೇ.

ಮಲ್ಪೆಮೀನು: ಅಮ್ಮ ಹೇಳಿದ್ದು ‘ಲೋಕ್_ನೇಮ್’ಗೆ, ಅಂದರೆ ಊರಿನವರು ಕರೆಯುವ ಲೋಕಲ್ ಹೆಸರಿಗೆ, ಹೋಗಬೇಕು.

ಕಾವೂರುಕಾಕ: ಲೋಕಲ್ ಎಂತ ಬಂತು? ಬೀದರಿನಲ್ಲೂ ಕೆಇಬಿ ಅಂತಾರೆ.

ನಕ್ಷೆಮರ್ಲ: ಬೀದರ್ ಸೇರಿದ್ದು ಜೆಸ್ಕಾಂ ಅನ್ನುವ ಬೇರೆ ಕರೆಂಟ್ ಕಂಪನಿಗೆ. ಗೊತ್ತಿಲ್ಲದೆ ಸುಮ್ನೆ ಮಾತಾಡಬೇಡಿ.

ಕಾವೂರುಕಾಕ: ಬೀದರಿಗೆ ಕರೆಂಟ್ ಕೊಡುವವರು ಯಾರು ಅಂತ ನಾನು ಕೇಳಿದೆನಾ? ಹತ್ತು ವರ್ಷದಿಂದ ಮ್ಯಾಪ್ ಮಾಡ್ತಿದ್ದೇನೆ, ನಿಮ್ಮ ಪಾಠ ಬೇಡ.

ಸುಮ್ನೆಓದುವವ: ಎನರ್ಜಿ_ಸಪ್ಲೈಯರ್ ಜೊತೆಗೆ ನಡೆಸುವವರು ಎಂಥವರು ಅಂತ ಹೇಳುವ ‘ಆಪರೇಟರ್:ಟೈಪ್=ಪಬ್ಲಿಕ್’ ಹಾಕಿದರೆ ಇಬ್ಬರದ್ದೂ ಮುಗಿಯಿತಲ್ವಾ?

ಮಲ್ಪೆಮೀನು: ‘ಪಬ್ಲಿಕ್’ ಅಂದ್ರಲ್ಲ, ಅದೇ ಸರ್ಕಾರಿ. ನಾನು ಹೇಳಿದ್ದು ಅದನ್ನೇ.

ನಕ್ಷೆಮರ್ಲ: ಹಾಗಾದರೆ ನೀರಿನ ಬಿಲ್? ಮಂಗಳೂರಿಗೆ ತುಂಬೆಯ ಡ್ಯಾಮಿನಿಂದ ನೀರು ಕೊಡುವುದು ಮಹಾನಗರ ಪಾಲಿಕೆ. ಸರ್ಕಾರಿ ಅಂದರೆ ಅದು. ನಾನು ಬಿಜೈಯ ಹೆಡ್ ಆಫೀಸಿಗೆ ಎನರ್ಜಿ_ಸಪ್ಲೈಯರ್ ಹಾಕುವವನೇ.

ಮಲ್ಪೆಮೀನು: ಹಾಕಿಕೊಳ್ಳಿ. ಉಡುಪಿ ಕಡೆಯದ್ದು ಮುಟ್ಟಬೇಡಿ.

ಕಾವೂರುಕಾಕ: ಓಲ್ಡ್_ನೇಮ್ ಮಾತ್ರ ತೆಗೆಯಬೇಡಿ, ಹೇಳಿದ್ದೇನೆ.