ಎದೆಯುರಿ ಇರುವವರು ಸೊಪ್ಪು ಬಿಡಬೇಕೆ?

ಪ್ರಶ್ನೆ (ದಾವಣಗೆರೆಯಿಂದ):
ನಮ್ಮ ತಂದೆಯವರಿಗೆ 62 ವರ್ಷ. ಹತ್ತು ವರ್ಷಗಳಿಂದ ಎದೆಯುರಿ, ಹುಳಿತೇಗು ಇದ್ದು, ಕಳೆದ ತಿಂಗಳ ಎಂಡೋಸ್ಕೋಪಿಯಲ್ಲಿ ‘ಬ್ಯಾರೆಟ್ ಅನ್ನನಾಳ’ (ಆಮ್ಲ ಪದೇಪದೇ ಉಕ್ಕಿ ಅನ್ನನಾಳದ ಕೆಳಭಾಗದ ಒಳಪದರ ಮಾರ್ಪಡುವುದು) ಎಂಬ ಬದಲಾವಣೆ ಕಂಡುಬಂದಿದೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ. ಸೊಪ್ಪಿನಲ್ಲಿರುವ ನೈಟ್ರೇಟ್ ಹೊಟ್ಟೆಯ ಆಮ್ಲದೊಂದಿಗೆ ಸೇರಿ ಕ್ಯಾನ್ಸರ್ ತರುತ್ತದೆ ಎಂದು ಎಲ್ಲೋ ಓದಿ, ದಂಟು, ಪಾಲಕ್ ಎಲ್ಲವನ್ನೂ ಬಿಟ್ಟಿದ್ದಾರೆ. ಊಟದ ನಂತರದ ಎಲೆಅಡಿಕೆ, ಹೊಗೆಸೊಪ್ಪು ಮಾತ್ರ ನಿಂತಿಲ್ಲ. ಅವರ ಭಯದಲ್ಲಿ ಹುರುಳಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ನಿವೃತ್ತ ಜೀವರಸಾಯನಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ):
ತಮ್ಮ ತಂದೆಯವರು ಓದಿದ್ದು ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತಿದೆ. ನಾವು ತಿಂದ ನೈಟ್ರೇಟಿನಲ್ಲಿ ಸುಮಾರು ಕಾಲು ಭಾಗ ರಕ್ತದಿಂದ ಮತ್ತೆ ಜೊಲ್ಲಿಗೆ ಬರುತ್ತದೆ. ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾಗಳು ಅದರಲ್ಲಿ ಒಂದಷ್ಟನ್ನು ನೈಟ್ರೈಟ್ ಆಗಿಸುತ್ತವೆ. ನುಂಗಿದ ಆ ಜೊಲ್ಲು ಆಮ್ಲವನ್ನು ಮೊದಲು ಸಂಧಿಸುವುದು ಅನ್ನನಾಳವು ಜಠರವನ್ನು ಸೇರುವ ಜಾಗದಲ್ಲಿ. ಅಲ್ಲಿ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ, ಆಹಾರದಲ್ಲಿನ ಅಮೈನು ಎಂಬ ಸಾರಜನಕದ ಸಂಯುಕ್ತಗಳು ಸಿಕ್ಕರೆ ಕ್ಯಾನ್ಸರ್ ತರಬಲ್ಲ ನೈಟ್ರೋಸಮೈನ್‌ಗಳೂ ಆಗಬಲ್ಲವು. ಆಮ್ಲ ಮೇಲಕ್ಕೆ ಉಕ್ಕುವವರಲ್ಲಿ ಇದೇ ಕ್ರಿಯೆ ಅನ್ನನಾಳದೊಳಗೇ ನಡೆಯಬಲ್ಲದು. ಜೊತೆಗೆ ಬರುವ ಪಿತ್ತರಸವೂ ಜೀವಕೋಶಗಳ ಡಿಎನ್‌ಎಗೆ ಹಾನಿ ಮಾಡುತ್ತದೆ.

ಓದದೆ ಉಳಿದ ಅರ್ಧ ಇದು: ಸೊಪ್ಪಿನಲ್ಲೇ ಇರುವ ವಿಟಮಿನ್ ಸಿ ನೈಟ್ರೋಸಮೈನ್ ಆಗುವುದನ್ನು ತಡೆಯುತ್ತದೆ. ಎಣ್ಣೆ, ಕೊಬ್ಬು ಬೆರೆತಾಗ ಆ ರಕ್ಷಣೆ ಕುಗ್ಗುವುದು ಪ್ರಯೋಗಾಲಯದಲ್ಲಿ ಕಂಡಿದೆ. ಹಾಗಾಗಿ ಬಿಡುವುದಾದರೆ ಮಲಗುವ ಹೊತ್ತಿನ ಮಂಡಕ್ಕಿ-ಮೆಣಸಿನಕಾಯಿಯನ್ನು ಬಿಡಲಿ, ಸೊಪ್ಪನ್ನಲ್ಲ. ಊಟಕ್ಕೂ ಮಲಗುವುದಕ್ಕೂ 3 ಗಂಟೆ ಅಂತರವಿರಲಿ, ಮಂಚದ ತಲೆಯ ಕಡೆ ತುಸು ಎತ್ತರಿಸಿ, ವೈದ್ಯರು ಬರೆದ ಮಾತ್ರೆ ತಪ್ಪದಿರಲಿ. ಕೋಶಗಳಲ್ಲಿ ಮುಂದಿನ ಹಂತದ ಬದಲಾವಣೆಯಿಲ್ಲದ ಬ್ಯಾರೆಟ್ ಇರುವ ನೂರು ಮಂದಿಯಲ್ಲಿ ವರ್ಷಕ್ಕೆ ಒಬ್ಬರಿಗೂ ಕ್ಯಾನ್ಸರ್ ಆಗುವುದಿಲ್ಲ. ಆದರೂ ನಿಗದಿತ ಎಂಡೋಸ್ಕೋಪಿ ತಪ್ಪಿಸಬಾರದು.

ಉತ್ತರ 2 (ಚನ್ನಗಿರಿಯಿಂದ):
ಅಡಿಕೆ ಬೆಳೆದೇ ಬದುಕುವ ನನಗೆ ಇದನ್ನು ಬರೆಯುವುದು ಕಷ್ಟ. ನಮ್ಮ ಚಿಕ್ಕಪ್ಪನವರು ರೊಟ್ಟಿ ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ ಎನ್ನುತ್ತಾ ಆರು ತಿಂಗಳು ಗಂಜಿಯಲ್ಲೇ ದಿನ ತಳ್ಳಿದರು. ತೋರಿಸುವ ಹೊತ್ತಿಗೆ ಅನ್ನನಾಳದ ಕ್ಯಾನ್ಸರ್ ಬಲಿತಿತ್ತು. ಅವರದು ಎದೆಯುರಿಯಿಂದ ಬರುವ ಬಗೆಯಲ್ಲ, ಅನ್ನನಾಳದ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ, ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಬಗೆ. ಹೊಗೆಸೊಪ್ಪು, ಅಡಿಕೆ, ಮದ್ಯ ಅದಕ್ಕೆ ದಾರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಹೊಗೆಸೊಪ್ಪಿನಲ್ಲಂತೂ ನೈಟ್ರೋಸಮೈನ್‌ಗಳು ಸಿದ್ಧವಾಗಿಯೇ ಇರುತ್ತವೆ. ನಿಮ್ಮ ತಂದೆಯವರಿಗೆ ಮೊದಲು ಇದನ್ನು ತಿಳಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಅಪ್ಪನ ಪಕ್ಕದಲ್ಲೇ ಕುಳಿತು ಎರಡನ್ನೂ ಓದಿ ಹೇಳಿದೆ. ನಾಳೆ ದಂಟಿನ ಸಾರು ಮಾಡು ಎಂದಿದ್ದಾರೆ. ಎಲೆಯಡಿಕೆಯ ಡಬ್ಬಿಯ ವಿಷಯದಲ್ಲಿ ಇನ್ನೂ ಮಾತಾಡಿಲ್ಲ.