‘ಸಿಎಚ್‌ರೂಟ್’ಗೆ ‘ಬೇರಾಗಿಸು’ ಎನ್ನಬಹುದೇ? ‘ಮೌಂಟ್’ಗೆ ‘ಕಸಿ’ ಒಗ್ಗೀತೇ?

ಎಲ್ಲರಿಗೂ ನಮಸ್ಕಾರ.

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಒಂದು ಪ್ರೋಗ್ರಾಮನ್ನು ಪ್ರತ್ಯೇಕ ಕಡತಕೋಶದೊಳಗೆ ಕೂಡಿಹಾಕಿ ನಡೆಸುವುದು ಹೇಗೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ರೂಟ್ (ಕಡತಕೋಶಗಳ ಮರದ ತುತ್ತತುದಿಯ ಕೋಶ), ಸಿಎಚ್‌ರೂಟ್ (ಒಂದು ಪ್ರೋಗ್ರಾಮಿಗೆ ಬೇರೊಂದು ಕೋಶವನ್ನೇ ರೂಟಾಗಿ ತೋರಿಸುವುದು), ಮೌಂಟ್ (ಒಂದು ಕಡತವ್ಯವಸ್ಥೆಯನ್ನು ಆ ಮರದ ಯಾವುದೋ ಕೋಶಕ್ಕೆ ಜೋಡಿಸುವುದು) ಈ ಮೂರರಲ್ಲಿ ಕೈ ಕಟ್ಟಿಹೋಗಿದೆ.

ರೂಟ್‌ಗೆ ಮೊದಲು ‘ಮೂಲ’ ಎಂದು ಬರೆದೆ. ಸೋರ್ಸ್ ಕೋಡೂ ಮೂಲ, ನಕಲಿಗೆ ಎದುರಾದದ್ದೂ ಮೂಲ. ‘ಮೂಲ ಕಡತಕೋಶವನ್ನು ನಕಲಿಸಿ’ ಎಂದರೆ ಓದುವವರು ಯಾವುದನ್ನು ನಕಲಿಸಬೇಕು? ‘ಬೇರು’ ಎಂದರೆ ಆ ತೊಡಕಿಲ್ಲ. ಬೇರು ಮೇಲೆ, ಕೊಂಬೆ ಕೆಳಗೆ ಇರುವ ಅಶ್ವತ್ಥದ ಕಲ್ಪನೆಯೂ ನಮಗೆ ಹೊಸದಲ್ಲ. ಎಲ್ಲ ಅಧಿಕಾರವೂ ಇರುವ ರೂಟ್ ಬಳಕೆದಾರನಿಗೆ ಮಾತ್ರ ‘ರೂಟ್’ ಎಂದೇ ಉಳಿಸಿದ್ದೇನೆ. ‘ಒಡೆಯ’ ಎನ್ನೋಣವೆಂದರೆ ಪ್ರತಿಯೊಂದು ಕಡತಕ್ಕೂ ಅದರದೇ ಒಡೆಯ ಇದ್ದಾನೆ.

ನಿಜವಾದ ಕಷ್ಟ ಸಿಎಚ್‌ರೂಟ್‌ನದು. 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನಲ್ಲೇ ಇದ್ದ ಕರೆ (ಪ್ರೋಗ್ರಾಮು ಕರ್ನಲ್‌ಗೆ, ಅಂದರೆ ವ್ಯವಸ್ಥೆಯ ತಿರುಳಿಗೆ, ಸಲ್ಲಿಸುವ ಕೋರಿಕೆ) ಇದು. ‘ಬೇರು ಬದಲಿಸು’ ಎಂದರೆ ಪದಕ್ಕೆ ಪದ ಸರಿ, ಅರ್ಥ ತಪ್ಪು. ವ್ಯವಸ್ಥೆಯ ಬೇರು ಇದ್ದಲ್ಲೇ ಇರುತ್ತದೆ. ಕರೆ ಮಾಡಿದ ಪ್ರಕ್ರಿಯೆಗೂ (ನಡೆಯುತ್ತಿರುವ ಪ್ರೋಗ್ರಾಮಿಗೂ) ಆಮೇಲೆ ಅದರಿಂದ ಹುಟ್ಟುವ ಮರಿ ಪ್ರಕ್ರಿಯೆಗಳಿಗೂ ಯಾವುದೋ ಒಂದು ಕೊಂಬೆಯೇ ಬೇರಾಗಿ ಕಾಣತೊಡಗುತ್ತದೆ, ಅಷ್ಟೇ. ಹಾಗಾಗಿ ‘ಬೇರಾಗಿಸು’ ಎಂಬ ಪದ ಹೊಳೆಯಿತು. ಬೇರು + ಆಗಿಸು ಎಂದು ಬಿಡಿಸಿದರೆ ಬೇರನ್ನಾಗಿ ಮಾಡುವುದು. ಬೇರೆ + ಆಗಿಸು ಎಂದು ಬಿಡಿಸಿದರೆ ಪ್ರತ್ಯೇಕಿಸುವುದು. ಕೆಲಸದ ಎರಡು ಮುಖಗಳೂ ಒಂದೇ ಕ್ರಿಯಾಪದದಲ್ಲಿ ಕೂತಿವೆ. ಇದು ಸಿಕ್ಕ ದಿನ ಬಹಳ ಸಂತೋಷಪಟ್ಟೆ.

ಆದರೆ ಎರಡನೆಯ ಅರ್ಥವೇ ಈಗ ಚುಚ್ಚುತ್ತಿದೆ. ಸಿಎಚ್‌ರೂಟ್ ಪ್ರತ್ಯೇಕಿಸುವುದು ಕಡತಗಳ ದಾರಿಯನ್ನು ಮಾತ್ರ. ಕರ್ನಲ್ ಅದೇ, ನೆಟ್‌ವರ್ಕ್ ಅದೇ, ಪ್ರಕ್ರಿಯೆಗಳ ಪಟ್ಟಿಯೂ ಅದೇ. ಒಳಗಿರುವವನಿಗೆ ರೂಟ್ ಅಧಿಕಾರವಿದ್ದರೆ ಹೊರಬರುವ ದಾರಿಗಳೂ ಇವೆ. ಕುಟುಂಬದವರು ಬೇರಾದರು ಎಂದರೆ ಒಲೆಯೂ ಬೇರೆ, ಲೆಕ್ಕವೂ ಬೇರೆ. ಇಲ್ಲಿ ಅಷ್ಟು ಆಗಿರುವುದಿಲ್ಲ. ಸಿಎಚ್‌ರೂಟ್ ಕೊಡದ ಭರವಸೆಯನ್ನು ಓದುವವರು ಪದ ನೋಡಿ ನಂಬಿಬಿಟ್ಟರೆ ಅದು ಸುರಕ್ಷತೆಯ ಪ್ರಶ್ನೆ. ಇದೇ ಕಾರಣಕ್ಕೆ ‘ಸೆರೆ’ಯನ್ನು 2000ದಲ್ಲಿ ಯುನಿಕ್ಸ್ ಮಾದರಿಯ ವ್ಯವಸ್ಥೆಯಾದ ಫ್ರೀಬಿಎಸ್‌ಡಿ 4.0 ತಂದ ‘ಜೈಲ್’ಗೆ ಮಾತ್ರ ಮೀಸಲಿಟ್ಟಿದ್ದೇನೆ. ಅದು ಪ್ರಕ್ರಿಯೆ, ನೆಟ್‌ವರ್ಕ್, ರೂಟ್‌ನ ಅಧಿಕಾರ ಎಲ್ಲಕ್ಕೂ ಬೇಲಿ ಹಾಕುತ್ತದೆ. ಸಿಎಚ್‌ರೂಟನ್ನೂ ಸೆರೆ ಎಂದು ಕರೆಯುವ ರೂಢಿಯಿದೆ, ನನಗೆ ಒಪ್ಪಿಗೆಯಿಲ್ಲ.

ಇನ್ನು ಮೌಂಟ್. ಹೊಸ ಬೇರಿನಡಿ, ಸಾಧನಗಳು ಕಡತಗಳಾಗಿ ಕಾಣುವ ‘ಡೆವ್’ ಕಡತಕೋಶ ಖಾಲಿ ಇದ್ದರೆ, ಬರೆದದ್ದನ್ನೆಲ್ಲ ನುಂಗಿಬಿಡುವ ‘ನಲ್’ ಸಾಧನವೂ ಸಿಗದೆ ಎಷ್ಟೋ ಪ್ರೋಗ್ರಾಮುಗಳು ಮುಗ್ಗರಿಸುತ್ತವೆ. ಲಿನಕ್ಸ್‌ನಲ್ಲಾದರೆ ಕರ್ನಲ್ ಸಾಧನವನ್ನು ಗುರುತಿಸುವ ಮೇಜರ್ 1, ಮೈನರ್ 3 ಎಂಬ ಸಂಖ್ಯೆಗಳನ್ನು ಕೊಟ್ಟು ಅದನ್ನು ಕೈಯಾರೆ ಸೃಷ್ಟಿಸಬಹುದು. ಫ್ರೀಬಿಎಸ್‌ಡಿಯಲ್ಲಿ ಸಾಧನ ಕಡತವ್ಯವಸ್ಥೆಯಾದ ಡೆವ್ಎಫ್ಎಸ್ ಅನ್ನೇ ಅಲ್ಲಿ ಮತ್ತೊಮ್ಮೆ ಮೌಂಟ್ ಮಾಡಿ, ಡಿಸ್ಕಿನಂಥ ಸಾಧನಗಳು ಒಳಗೆ ಕಾಣದಂತೆ ನಿಯಮ ಹಾಕುತ್ತಾರೆ. ಅವು ಕಂಡರೆ ಸೆರೆಗೆ ಅರ್ಥವೇ ಉಳಿಯದು.

ಅನುವಾದಗಳಲ್ಲಿ ಮೌಂಟ್‌ಗೆ ‘ಆರೋಹಿಸು’ ಎಂಬುದಿದೆ. ಬೆಟ್ಟ ಹತ್ತುವುದು ನೆನಪಾಗುತ್ತದೆಯೇ ಹೊರತು ಕೆಲಸ ಕಣ್ಣಿಗೆ ಕಟ್ಟುವುದಿಲ್ಲ. ಬೇರು, ಕೊಂಬೆ ಎನ್ನುವುದಾದರೆ ‘ಕಸಿ ಕಟ್ಟು’ ಸಹಜವಲ್ಲವೇ? ಬೇರೊಂದು ಗಿಡದ ಕೊಂಬೆ ತಂದು ಈ ಮರಕ್ಕೆ ಕೂಡಿಸುತ್ತೇವೆ. ಅಡ್ಡಿಯೊಂದಿದೆ: ಕಸಿ ಒಮ್ಮೆ ಬೆಸೆದರೆ ಬಿಡಿಸಲಾಗದು. ಅನ್‌ಮೌಂಟ್ ಮಾಡಿದರೆ ಮೊದಲು ಆ ಜಾಗದಲ್ಲಿದ್ದು ಮರೆಯಾಗಿದ್ದ ಕಡತಗಳು ಹಾಗೆಯೇ ಮತ್ತೆ ಕಾಣುತ್ತವೆ. ಆ ದೃಷ್ಟಿಯಿಂದ ಬಾಗಿಲು ಕೂರಿಸಿದಂತೆ ‘ಕೂರಿಸು’, ‘ತೆಗೆ’ ಎಂಬ ಜೋಡಿ ಮೇಲೇನೋ.

‘ಡೆವ್ಎಫ್ಎಸ್ ಅನ್ನು ಸೆರೆಯ ಡೆವ್‌ಗೆ ಕಸಿ ಕಟ್ಟಿ’, ‘ಸೆರೆಯ ಡೆವ್‌ನಲ್ಲಿ ಕೂರಿಸಿ’: ಇವೆರಡರಲ್ಲಿ ಯಾವುದನ್ನು ಓದಿದರೆ ನಿಮಗೆ ಥಟ್ಟನೆ ತಿಳಿಯುತ್ತದೆ? ‘ಬೇರಾಗಿಸು’ ಇಟ್ಟುಕೊಳ್ಳಲೇ, ಬಿಡಲೇ? ಈ ವ್ಯವಸ್ಥೆಗಳನ್ನು ದಿನವೂ ನಡೆಸುವವರು ಬಾಯಲ್ಲಿ ಏನೆನ್ನುತ್ತೀರೋ ಅದನ್ನೂ ಬರೆಯಿರಿ.