ಪದಚರ್ಚೆ: ಬಂದೂಕು ಹಿಡಿಯಲ್ಲ ಅಂದವನಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಎರಡು ವಾರದಿಂದ ಕಾಡುತ್ತಿದೆ. ಮೊದಲ ಮಹಾಯುದ್ಧದ ಕಾಲದ ಬ್ರಿಟನ್ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. 1916ರಲ್ಲಿ ಅಲ್ಲಿ ಸೇನೆಗೆ ಕಡ್ಡಾಯ ಭರ್ತಿಯ ಕಾನೂನು ಬಂತು. ಯುದ್ಧ ಮುಗಿಯುವಷ್ಟರಲ್ಲಿ 16 ಸಾವಿರಕ್ಕೂ ಹೆಚ್ಚು ಗಂಡಸರು ‘ಕೊಲ್ಲೋದಕ್ಕೆ ನನ್ನ ಮನಸ್ಸು ಒಪ್ಪಲ್ಲ’ ಅಂದಿದ್ದರು. ಇಂಥವರಿಗೆ ಇಂಗ್ಲಿಷಿನಲ್ಲಿ ‘ಕಾನ್ಷಿಯೆನ್ಷಿಯಸ್ ಆಬ್ಜೆಕ್ಟರ್’ ಅನ್ನುತ್ತಾರೆ. ನಾವೇನು ಅನ್ನೋಣ?

ಮೊದಲು ಹೊಳೆದದ್ದು ‘ಆತ್ಮಸಾಕ್ಷಿಯ ಆಕ್ಷೇಪಕ’. ಬರೆದು ಜೋರಾಗಿ ಓದಿದೆ. ತಾಲ್ಲೂಕು ಕಚೇರಿಯ ವಾಸನೆ ಹೊಡೆಯಿತು. ಆಕ್ಷೇಪಣೆ ಅಂದರೆ ನಮಗೆ ನೆನಪಾಗುವುದು ಪೇಪರಿನ ಒಳಪುಟದ ಪ್ರಕಟಣೆ ತಾನೆ? ‘ಆಕ್ಷೇಪಣೆ ಇದ್ದಲ್ಲಿ ಲಿಖಿತವಾಗಿ ಸಲ್ಲಿಸತಕ್ಕದ್ದು.’ 1916ರಲ್ಲಿ ಇಂಥ 35 ಜನರನ್ನು ಫ್ರಾನ್ಸಿಗೆ ಸಾಗಿಸಿ, ಜೂನ್‌ನಲ್ಲಿ ಮಿಲಿಟರಿ ಕೋರ್ಟಿನಲ್ಲಿ ಮರಣದಂಡನೆ ಓದಿ ಹೇಳಿದರು. ಅದೇ ಗಳಿಗೆಯಲ್ಲಿ ಅದನ್ನು ಹತ್ತು ವರ್ಷದ ಕಠಿಣ ಸಜೆಗೆ ಇಳಿಸಿದರು ಅನ್ನಿ. ಅವರನ್ನೂ ಪಕ್ಕದ ಸೈಟಿಗೆ ತಕರಾರು ಹಾಕಿದವನನ್ನೂ ಒಂದೇ ಪದದಲ್ಲಿ ಕರೆಯೋದು ಹೇಗೆ?

ಹೀಗಂದುಕೊಂಡು ಪದದ ಹುಟ್ಟು ಹುಡುಕಿದರೆ ನನಗೇ ನಗು ಬಂತು. ಅದು ಯುದ್ಧಭೂಮಿಯಿಂದ ಬಂದದ್ದೇ ಅಲ್ಲ. ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಸಿಡುಬಿನ ಲಸಿಕೆ ಕಡ್ಡಾಯವಾಗಿತ್ತು. 1898ರ ಕಾನೂನಿನಲ್ಲಿ ಒಂದು ವಿನಾಯಿತಿ ಕೊಟ್ಟರು. ‘ನನ್ನ ಮನಸ್ಸಾಕ್ಷಿಗೆ ಇದು ಒಪ್ಪಿಗೆಯಿಲ್ಲ’ ಅಂತ ಅಪ್ಪ ಮ್ಯಾಜಿಸ್ಟ್ರೇಟರ ಮುಂದೆ ಹೇಳಿ ನಂಬಿಸಿದರೆ ಸರ್ಟಿಫಿಕೇಟ್ ಸಿಗುತ್ತಿತ್ತು. ಆ ಅಪ್ಪಂದಿರಿಗೆ ಅಂಟಿದ ಹೆಸರೇ ಹದಿನೆಂಟು ವರ್ಷ ಆದಮೇಲೆ ಸೇನೆ ಬೇಡ ಅಂದವರಿಗೂ ಬಂತು. ಅಲ್ಲೂ ಅರ್ಜಿ, ಅಲ್ಲೂ ಊರ ಹಿರಿಯರ ಮಂಡಳಿಯ ಮುಂದೆ ವಿಚಾರಣೆ. ‘ನಿನ್ನ ತಂಗಿಯ ಮೇಲೆ ಜರ್ಮನ್ ಸಿಪಾಯಿ ಕೈ ಹಾಕಿದರೆ ಏನು ಮಾಡ್ತೀಯ?’ ಅನ್ನುವ ಪ್ರಶ್ನೆ ಅಲ್ಲಿ ಮಾಮೂಲು. ಅಂದಮೇಲೆ ಕಚೇರಿ ವಾಸನೆ ಮೂಲದಲ್ಲೇ ಇದೆ. ಆದರೂ ಇಂಗ್ಲಿಷಿನವರಿಗೆ ಅದು ಈಗ ಮೂಗಿಗೆ ಬಡಿಯುವುದಿಲ್ಲ, ನಮಗೆ ಬಡಿಯುತ್ತದೆ.

ನಮ್ಮ ಬೀದಿಯಲ್ಲಿ ರಿಟೈರಾದ ಸುಬೇದಾರರೊಬ್ಬರಿದ್ದಾರೆ. ಬೆಳಿಗ್ಗೆ ಹಾಲಿನ ಬೂತ್ ಹತ್ತಿರ ಸಿಕ್ಕಾಗ ಅವರನ್ನೇ ಕೇಳಿದೆ. ‘ಭಗೋಡಾ’ ಅಂದರು ಥಟ್ಟನೆ. ಸೇನೆಯ ಹಿಂದಿಯಲ್ಲಿ ಓಡಿಹೋದವನಿಗೆ ಹಾಗನ್ನುತ್ತಾರೆ. ಹಾಲಿನ ಪ್ಯಾಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅಲ್ಲ, ತಪ್ಪಾಯ್ತು. ಭಗೋಡಾ ರಾತ್ರಿ ಬೇಲಿ ಹಾರ್ತಾನೆ. ನೀವು ಹೇಳೋನು ಬೆಳಿಗ್ಗೆ ಎದುರಿಗೆ ನಿಂತು ಆಗಲ್ಲ ಸಾರ್ ಅಂತಾನೆ, ಅಲ್ವಾ? ಅದಕ್ಕೂ ಗುಂಡಿಗೆ ಬೇಕು.’ ಹೊರಟವರು ತಿರುಗಿ ನಿಂತು, ‘ಆದ್ರೆ ಮೇಷ್ಟ್ರೇ, ಅವನ ಜಾಗಕ್ಕೆ ಇನ್ನೊಬ್ಬರ ಮಗ ಹೋಗ್ಬೇಕಲ್ಲ’ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಹೇಡಿ, ರಣಹೇಡಿ, ದೇಶದ್ರೋಹಿ ಎಲ್ಲ ಬಿಟ್ಟೆ. ಅವು ಬೈಗುಳ. ‘ಯುದ್ಧವಿರೋಧಿ’ ಸಡಿಲವಾಯಿತು. ಮನೆಯಲ್ಲಿ ಕೂತು ಲೇಖನ ಬರೆಯುವವನೂ ಯುದ್ಧವಿರೋಧಿಯೇ. ‘ಸೇನಾಸೇವೆ ನಿರಾಕರಿಸಿದವ’ ಪರವಾಗಿಲ್ಲ, ಜರ್ಮನ್ ಪದವೂ ಹೆಚ್ಚುಕಡಿಮೆ ಹೀಗೇ ಇದೆ. ಆದರೆ ಅದಕ್ಕೆ ಡೆಸ್ಮಂಡ್ ಡಾಸ್ ಅಡ್ಡ ಬರುತ್ತಾನೆ. ಎರಡನೇ ಮಹಾಯುದ್ಧದ ಈ ಅಮೆರಿಕದವನು ಸೇನೆ ಸೇರಿದ, ಬಂದೂಕು ಮಾತ್ರ ಮುಟ್ಟಲಿಲ್ಲ. 1945ರಲ್ಲಿ ಒಕಿನಾವಾದಲ್ಲಿ ಸುಮಾರು 75 ಗಾಯಾಳುಗಳನ್ನು ಹಗ್ಗ ಕಟ್ಟಿ ಬಂಡೆಯಿಂದ ಇಳಿಸಿ ಉಳಿಸಿದ. ದೇಶದ ಅತಿ ದೊಡ್ಡ ಶೌರ್ಯ ಪದಕ ಅವನಿಗೆ ಬಂತು. ಅವನು ಏನನ್ನು ನಿರಾಕರಿಸಿದ ಹೇಳಿ? ತನ್ನನ್ನು ಆಬ್ಜೆಕ್ಟರ್ ಅನ್ನುವುದು ಅವನಿಗೂ ಹಿಡಿಸುತ್ತಿರಲಿಲ್ಲ. ‘ಸಹಕಾರಿ’ ಅನ್ನುವ ಅರ್ಥದ ಮಾತು ಹೇಳುತ್ತಿದ್ದ. ಕನ್ನಡದಲ್ಲಿ ಹಾಗಂದರೆ ಹಾಲಿನ ಸೊಸೈಟಿ ಆಗಿಬಿಡುತ್ತದೆ!

ಹಳಗನ್ನಡದ ಕಡೆ ತಿರುಗಿದೆ. ಅಲ್ಲಿ ಎಲ್ಲವೂ ಉಲ್ಟಾ. ಉಂಡ ಜೋಳದ ಋಣಕ್ಕೆ ಜೀವ ಕೊಡುವ ‘ಜೋಳವಾಳಿ’ ಇದೆ. ಅದೇ ಬಗೆಯ ‘ವೇಳೆವಾಳಿ’ ಇದೆ, ‘ಲೆಂಕವಾಳಿ’ ಇದೆ. ಹಳೇಬೀಡಿನಲ್ಲಿ ಹೊಯ್ಸಳ ದೊರೆ ಎರಡನೇ ಬಲ್ಲಾಳನ ಗರುಡ, ಅಂದರೆ ಒಡೆಯನಿಗಾಗಿ ಸಾಯುವ ಪಣ ತೊಟ್ಟ ಅಂಗರಕ್ಷಕ, ಕುವರ ಲಕ್ಷ್ಮನಿಗೆ ಕಂಬವೇ ಇದೆ. ಒಡೆಯನಿಗಾಗಿ ಸತ್ತವನಿಗೆ ಇಷ್ಟೊಂದು ಹೆಸರು, ಬೇಡ ಅಂದವನಿಗೆ ನನಗಂತೂ ಒಂದೂ ಸಿಗಲಿಲ್ಲ. ಕಂಡವರಿದ್ದರೆ ತಿಳಿಸಿ. ಇವತ್ತಿನ ಮಾತಿನಲ್ಲೂ ಇಲ್ಲದಿರುವುದಕ್ಕೆ ಕಾರಣ ಸುಲಭ. ನಮ್ಮ ಸೇನೆಗೆ ಜನ ತಾವಾಗಿ ಸೇರುತ್ತಾರೆ. ಕಡ್ಡಾಯ ಇಲ್ಲದ ಕಡೆ ಈ ಪದದ ಅಗತ್ಯ ಯಾರಿಗೆ ಬರುತ್ತದೆ?

ಕೊನೆಗೆ ‘ಒಲ್ಲೆ’ ಹತ್ತಿರ ಬಂದು ನಿಂತಿದ್ದೇನೆ. ‘ಆರೆ’ ಅಂದರೆ ಶಕ್ತಿ ಇಲ್ಲ. ‘ಒಲ್ಲೆ’ ಅಂದರೆ ಮನಸ್ಸಿಲ್ಲ. ಒಲಿ, ಒಲವು ಇವೆಲ್ಲ ಅದರ ಬಳಗದವೇ. ಮನಸ್ಸಾಕ್ಷಿ ಅಂತ ಬಿಡಿಸಿ ಹೇಳದೆಯೇ ಮನಸ್ಸು ಅದರೊಳಗಿದೆ. ‘ಆಯುಧ ಒಲ್ಲದವ’ ಅಂದರೆ ಡಾಸ್ ಕೂಡ ಒಳಗೆ ಬರುತ್ತಾನೆ. ಸೇನೆಯ ಕೆಲಸವೇ ಬೇಡ ಅಂದವರಿಗೆ ‘ಸೇನೆ ಒಲ್ಲದವ’.

ಆದರೆ ನಾನು ಮೈಸೂರು ಕಡೆಯವನು, ಈ ಪದ ನನ್ನ ಬಾಯಲ್ಲಿ ದಿನವೂ ಆಡುವುದಲ್ಲ. ಧಾರವಾಡ, ವಿಜಯಪುರದ ಕಡೆಯವರು ಹೇಳಬೇಕು. ಊಟಕ್ಕೆ ಕೂತಾಗ ‘ಇನ್ನೊಂದು ರೊಟ್ಟಿ ಒಲ್ಲೆ’ ಅಂತೀರಲ್ಲ, ಆ ಒಲ್ಲೆ ಇಷ್ಟು ಭಾರ ಹೊರುತ್ತದಾ?